ಕಿನೀಸಿಯಾಲಜಿಯಲ್ಲಿ ಪಿಎಚ್‌ಡಿ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ದಾವಣಗೆರೆಯವಳು, ಎಂಪಿಟಿ (ಫಿಸಿಯೋಥೆರಪಿ ಸ್ನಾತಕೋತ್ತರ) ಕೊನೇ ವರ್ಷ. ಅಮೆರಿಕ ಅಥವಾ ಕೆನಡಾದಲ್ಲಿ ಕಿನೀಸಿಯಾಲಜಿ, ಅಂದರೆ ಮೈಯ ಚಲನೆಯ ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಬೇಕು ಅಂತ ಆಸೆ. ಮುಗಿಸಿದ ಮೇಲೆ ಅಲ್ಲೇ ಫಿಸಿಯೋ ಆಗಿ ಕೆಲಸ ಮಾಡಬಹುದಾ?

ಉತ್ತರ: ಇಲ್ಲಮ್ಮ, ಬರೀ ಪಿಎಚ್‌ಡಿಯಿಂದ ಆಗಲ್ಲ. ಇದು ಸಂಶೋಧನೆಯ ಪದವಿ. ಅಮೆರಿಕದಲ್ಲಿ ಫಿಸಿಯೋ ಆಗಲು ಅಲ್ಲಿನವರು ಡಿಪಿಟಿ (ಡಾಕ್ಟರ್ ಆಫ್ ಫಿಸಿಕಲ್ ಥೆರಪಿ) ಓದುತ್ತಾರೆ. ಹೊರಗೆ ಓದಿ ಬಂದವರು ತಮ್ಮ ಪದವಿಯನ್ನು ಅಲ್ಲಿನದಕ್ಕೆ ತೂಗಿ ನೋಡಿಸಿ, ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಕೆನಡಾದ ಒಂಟಾರಿಯೋದಲ್ಲಂತೂ ಕಿನೀಸಿಯಾಲಜಿಸ್ಟ್ ಅನ್ನುವುದೇ 2013ರಿಂದ ಬೇರೆ ನೋಂದಣಿ ಇರುವ ವೃತ್ತಿ. ರೋಗಿಗಳ ಜೊತೆ ಕೆಲಸ ಮಾಡುವುದೇ ನಿನಗೆ ಇಷ್ಟ ಅಂದರೆ ಐದು ವರ್ಷ ಇದಕ್ಕೆ ಹಾಕಬೇಡ. ಮೈ ಹೇಗೆ ಅಲುಗುತ್ತದೆ, ಯಾಕೆ ಹಾಗೆ ಅಲುಗುತ್ತದೆ ಅನ್ನುವ ಪ್ರಶ್ನೆ ರಾತ್ರಿ ನಿದ್ದೆ ಕೆಡಿಸುತ್ತದೆ ಅಂದರೆ ಮಾತ್ರ ಬಾ.

ನನ್ನ ಪಿಎಚ್‌ಡಿಯ ಪ್ರಶ್ನೆ ತುಂಬಾ ಚಿಕ್ಕದಿತ್ತು. ನೆಲದ ಮೇಲೆ ಕೂತ ವಯಸ್ಸಾದವರು ಏಳುವಾಗ ಭಾರ ಯಾವ ಕಾಲಿಗೆ ಬೀಳುತ್ತದೆ? ನಮ್ಮಜ್ಜಿ ಊಟದ ಪಂಕ್ತಿಯಿಂದ ಏಳುವಾಗ ಒಂದು ಕೈ ಗೋಡೆಗೆ, ಒಂದು ಕೈ ಮೊಣಕಾಲಿಗೆ ಕೊಡುತ್ತಿದ್ದರು. ಅದನ್ನೇ ಲ್ಯಾಬಿನಲ್ಲಿ ಅಳೆದೆ. ಬಂದವರ ಸೊಂಟ, ಮೊಣಕಾಲು, ಹರಡಿನ ಮೇಲೆ ಹೊಳೆಯುವ ಸಣ್ಣ ಗುಂಡುಗಳನ್ನು ಅಂಟಿಸುವುದು. ಸುತ್ತಲೂ ಕ್ಯಾಮೆರಾ. ನೆಲದಲ್ಲಿ ಹುದುಗಿಸಿದ ಫೋರ್ಸ್ ಪ್ಲೇಟ್ ಸೆಕೆಂಡಿಗೆ 1000 ಸಲ ಭಾರ ದಾಖಲಿಸುತ್ತದೆ. ಬೆವರಿಗೆ ಒಂದು ಗುಂಡು ಕಳಚಿದರೆ ಮತ್ತೆ ಮೊದಲಿಂದ. ಒಬ್ಬರನ್ನು ಅಳೆಯಲು ಅರ್ಧ ದಿನ, ಆ ಅಂಕಿಗಳನ್ನು ಹಸನು ಮಾಡಲು ಒಂದು ವಾರ. ಅದಕ್ಕೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಬೇಕು, ಮ್ಯಾಟ್‌ಲ್ಯಾಬ್ ಅಥವಾ ಪೈಥಾನ್ ಕಲಿಯಲು ಈಗಲೇ ಶುರು ಮಾಡು. ಫಿಸಿಯೋ ಓದಿದ ನಮಗೆ ಹೆಚ್ಚು ಕೈಕೊಡುವುದು ಅದೇ.

ಪ್ರಶ್ನೆ: ಪ್ರೊಫೆಸರುಗಳಿಗೆ ಮೇಲ್ ಕಳಿಸಿದೆ ಮೇಡಂ, ಯಾರೂ ಉತ್ತರ ಕೊಡಲ್ಲ. ಖರ್ಚು ಎಷ್ಟಾಗುತ್ತೆ?

ಉತ್ತರ: ಎಲ್ಲರಿಗೂ ಒಂದೇ ಮೇಲ್ ಕಳಿಸಿದ್ದೀಯ ಅಲ್ವಾ? ನಾನೂ ಮೊದಲು ಅದನ್ನೇ ಮಾಡಿದ್ದೆ. ಒಂದಕ್ಕೂ ಉತ್ತರ ಬರಲಿಲ್ಲ. ಆಮೇಲೆ ಒಬ್ಬರ ಮೂರು ಲೇಖನ ಓದಿ, 'ನೀವು ಕುರ್ಚಿಯಿಂದ ಏಳುವುದನ್ನು ಅಳೆದಿದ್ದೀರಿ, ನಮ್ಮೂರಲ್ಲಿ ನೆಲದಿಂದ ಏಳುತ್ತಾರೆ' ಅಂತ ಆರು ಸಾಲು ಬರೆದೆ. ಎರಡೇ ದಿನದಲ್ಲಿ ಉತ್ತರ ಬಂತು. ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಮುಖ್ಯ. ಬಯೋಮೆಕ್ಯಾನಿಕ್ಸ್ (ಚಲನೆಯಲ್ಲಿನ ಬಲಗಳ ಲೆಕ್ಕ), ಮೋಟಾರ್ ಕಂಟ್ರೋಲ್ (ಮಿದುಳು ಚಲನೆಯನ್ನು ನಡೆಸುವ ಬಗೆ), ವ್ಯಾಯಾಮದ ಶರೀರಶಾಸ್ತ್ರ, ಕ್ರೀಡಾ ಮನಶ್ಶಾಸ್ತ್ರ ಎಲ್ಲವೂ ಒಂದೇ ಸೂರಿನಡಿ ಇರುತ್ತವೆ. ನಿನ್ನ ವಿಷಯದವರು ಅಲ್ಲಿ ಇಲ್ಲದಿದ್ದರೆ ಎಷ್ಟು ದೊಡ್ಡ ಹೆಸರಿದ್ದರೂ ಉಪಯೋಗವಿಲ್ಲ. ಕೆನಡಾದ ವಾಟರ್‌ಲೂ, ಅಮೆರಿಕದ ಮಿಷಿಗನ್, ಪೆನ್ ಸ್ಟೇಟ್ ಇವರ ಪುಟಗಳಲ್ಲಿ ಒಬ್ಬೊಬ್ಬ ಅಧ್ಯಾಪಕರ ಕೆಲಸ ನೋಡುತ್ತಾ ಬಾ.

ದುಡ್ಡಿನ ಮಾತು: ಅಸಿಸ್ಟೆಂಟ್‌ಶಿಪ್, ಅಂದರೆ ವಿಶ್ವವಿದ್ಯಾಲಯವೇ ಕೊಡುವ ಸಂಬಳದ ಕೆಲಸ, ಇಲ್ಲದೆ ಹೋಗಬೇಡ. ಅದು ಸಿಕ್ಕರೆ ಅಮೆರಿಕದಲ್ಲಿ ಸಾಮಾನ್ಯವಾಗಿ ಫೀ ಮಾಫಿ ಆಗುತ್ತದೆ, ತಿಂಗಳ ಭತ್ಯೆಯೂ ಬರುತ್ತದೆ. ಅದಕ್ಕೆ ವಾರಕ್ಕೆ 20 ಗಂಟೆಯವರೆಗೆ ಪಾಠ ಮಾಡುವುದೋ ಲ್ಯಾಬ್ ಕೆಲಸವೋ ಇರುತ್ತದೆ. ಸೀಟು ಕೊಟ್ಟು ದುಡ್ಡಿನ ಬಗ್ಗೆ ಸುಮ್ನೆ ಇದ್ದರೆ ಬರವಣಿಗೆಯಲ್ಲಿ ಕೇಳು. ಮನೆ ಅಡ ಇಟ್ಟು ಪಿಎಚ್‌ಡಿಗೆ ಹೋಗುವುದು ಖಂಡಿತ ಬೇಡ.

ಪ್ರಶ್ನೆ: ನಾನು ಹಾವೇರಿ ಕಡೆ ಹೈಸ್ಕೂಲಿನಲ್ಲಿ ಪಿಇ ಮೇಷ್ಟ್ರು. ಎಂಪಿಎಡ್ (ದೈಹಿಕ ಶಿಕ್ಷಣದ ಸ್ನಾತಕೋತ್ತರ) ಆಗಿದೆ. ಮನೆ ಬಿಟ್ಟು ಹೊರದೇಶಕ್ಕೆ ಹೋಗೋದು ಆಗಲ್ಲ. ನಮ್ಮಂಥವರಿಗೆ ದಾರಿ ಇದೆಯಾ?

ಉತ್ತರ: ಖಂಡಿತ ಇದೆ ಸರ್. ನಮ್ಮಲ್ಲಿ ವಿಭಾಗದ ಹೆಸರು ಹೆಚ್ಚಾಗಿ ದೈಹಿಕ ಶಿಕ್ಷಣ ಅಂತಲೇ ಇರುತ್ತದೆ, ಕಿನೀಸಿಯಾಲಜಿ ಅದರೊಳಗಿನ ಒಂದು ಪೇಪರ್. ಅಮೆರಿಕದಲ್ಲೂ ಹಾಗೇ ಇತ್ತು. ದೈಹಿಕ ಶಿಕ್ಷಣವೂ ಒಂದು ಶಾಸ್ತ್ರ ಅಂತ 1964ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಫ್ರಾಂಕ್ಲಿನ್ ಹೆನ್ರಿ ವಾದಿಸಿದರು. ಮುಂದೆ ಎಷ್ಟೋ ವಿಭಾಗಗಳು ಹೆಸರು ಬದಲಿಸಿಕೊಂಡವು. ಈ ವಿದ್ಯೆ ಹುಟ್ಟಿದ್ದೇ ನಿಮ್ಮಂಥ ಮೇಷ್ಟ್ರುಗಳ ಮೈದಾನದಲ್ಲಿ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಸ್ನಾತಕೋತ್ತರದಲ್ಲಿ ಶೇ. 55 ಅಂಕ ಬೇಕು, ಮೀಸಲಾತಿಯವರಿಗೆ ಶೇ. 5 ರಿಯಾಯಿತಿ. ಕನಿಷ್ಠ ಮೂರು ವರ್ಷ. ಕೆಲಸದಲ್ಲಿದ್ದುಕೊಂಡೇ ಪಾರ್ಟ್‌ಟೈಮ್ ಮಾಡಬಹುದು, ಇಲಾಖೆಯಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಬೇಕು. ಯುಜಿಸಿಯ ನೆಟ್ ಪರೀಕ್ಷೆ ಬರೆಯಿರಿ. 2024ರ ಜೂನ್‌ನಿಂದ ಅದರ ಅಂಕ ಪಿಎಚ್‌ಡಿ ಪ್ರವೇಶಕ್ಕೂ ನಡೆಯುತ್ತದೆ. ಅದರಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಬಂದರೆ ತಿಂಗಳಿಗೆ 37,000 ರೂಪಾಯಿ ಇದೆ, ಆದರೆ ಅದಕ್ಕೆ ಪೂರ್ತಿ ಸಮಯ ಕೊಡಬೇಕು. ನೀವು ಸಂಶೋಧನೆ ಮಾಡಬೇಕು ಅಂದುಕೊಂಡ ಪ್ರಶ್ನೆ ಏನು ಸರ್?

ಪ್ರಶ್ನೆ: ನಮ್ಮ ಖೋ ಖೋ ಹುಡುಗೀರು ಮೇಡಂ. ಖೋ ಸಿಕ್ಕಿದ ಕೂಡಲೇ ಕೆಲವರು ಚಂಗನೆ ಏಳ್ತಾರೆ, ಕೆಲವರು ತಡ. ಓಟದಲ್ಲಿ ಇಬ್ಬರೂ ಸಮ. ಯಾಕೆ ಅಂತ ಗೊತ್ತಾಗಲ್ಲ.

ಉತ್ತರ: ಓದುತ್ತಿದ್ದ ಹಾಗೆ ಎದ್ದು ಕೂತೆ ಸರ್! ಕೂತಲ್ಲಿಂದ ಏಳುವುದೇ ನನ್ನ ವಿಷಯ ನೋಡಿ. ಹಿಂದಿನ ಪಾದ ಎಷ್ಟು ದೂರ ಇತ್ತು, ಕೈ ನೆಲದಲ್ಲಿತ್ತಾ, ಮೊದಲು ಮುಂದೆ ಬಾಗಿದ್ದು ತಲೆಯಾ ಸೊಂಟವಾ, ಇಷ್ಟನ್ನು ಗಮನಿಸಿ. ಮೊಬೈಲಿನಲ್ಲಿ ಸ್ಲೋ ಮೋಷನ್ ಇದ್ದರೆ ಸಾಕು. ಕೈಯಲ್ಲಿ ಹಿಡಿಯಬೇಡಿ. ಸ್ಟೂಲಿನ ಮೇಲೆ, ಹುಡುಗಿಯ ಸೊಂಟದ ಎತ್ತರಕ್ಕೆ, ಸರಿಯಾಗಿ ಪಕ್ಕದಿಂದ ಬರುವ ಹಾಗೆ ಇಡಿ. ಒಬ್ಬೊಬ್ಬರದು ಹತ್ತು ಸಲ. ಆದರೆ ವಿಡಿಯೋ ಮಾಡುವ ಮೊದಲು ಹೆಡ್‌ಮಾಸ್ಟರ ಅನುಮತಿ, ಹೆತ್ತವರ ಸಹಿ ಎರಡೂ ತಗೊಳ್ಳಿ. ಪಿಎಚ್‌ಡಿಗೆ ಸೇರಿದ ಮೇಲೆ ಎಥಿಕ್ಸ್ ಸಮಿತಿಯವರೂ ಮೊದಲು ಕೇಳುವುದು ಅದನ್ನೇ.