ಖಾಜನ್ ತಗ್ಗಿನಲ್ಲಿ ವನ್ನಾಮಿ ಹೊಂಡ: ಪಕ್ಕದ ಭತ್ತಕ್ಕೆ ಏನಾದೀತು?

ಪ್ರಶ್ನೆ (ಪಣಜಿ ಕನ್ನಡಿಗ):
ಗಜನಿ, ಅಂದರೆ ಹೊಳೆದಂಡೆಯ ಉಪ್ಪುನೀರಿನ ಗದ್ದೆ, ಬಲ್ಲವರು ಹೇಳಿ. ಗೋವಾದ ಮಾಂಡವಿ ದಂಡೆಯ ಒಂದು ಖಾಜನ್‌ನಲ್ಲಿ (ಒಡ್ಡು ಕಟ್ಟಿ ಉಬ್ಬರ ತಡೆದ ತಗ್ಗು ನೆಲ) ಮೇಲೆ ಉಪ್ಪು ತಾಳುವ ಕೊರ್ಗುಟ್ ಭತ್ತ, ತಗ್ಗಿನ ಪೊಯೆಂನಲ್ಲಿ ಮೀನು. ಆ ತಗ್ಗನ್ನು ಅಗೆದು ವನ್ನಾಮಿ ಸಿಗಡಿ ಸಾಕುವ ಮಾತು ನಡೆದಿದೆ. "ಮೊದಲೂ ಉಪ್ಪುನೀರೇ ತಾನೆ?" ಅನ್ನುತ್ತಾರೆ. ಹೌದೇ?

ಒಡ್ಡುಗಾರ:
ನೀರು ಅದೇ, ನಿಲ್ಲುವ ಕಾಲ ಬೇರೆ. ಮಾನಸ್ ಅಂದರೆ ಮರದ ತೂಬಿನ ಬಾಗಿಲು. ಉಬ್ಬರದ ಒತ್ತಡಕ್ಕೆ ತಾನೇ ಮುಚ್ಚುತ್ತದೆ, ಇಳಿತಕ್ಕೆ ತೆರೆಯುತ್ತದೆ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದು ಅದರ ಮೂಲಕವೇ ಹೊರಗೆ ಒಯ್ಯುತ್ತದೆ. ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟುಕೊಂಡು, ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಬಾಗಿಲಿಗೆ ಚೀಲದ ಬಲೆ ಕಟ್ಟುತ್ತಾರೆ. ಮೇವು ಹಾಕುವುದಿಲ್ಲ, ಬಂದದ್ದು ಬಲೆಗೆ.

ವನ್ನಾಮಿ ಹೊಂಡಕ್ಕೆ ತಿಂಗಳುಗಟ್ಟಲೆ ನೀರು ಏರಿಸಿ ನಿಲ್ಲಿಸಬೇಕು. ಮಣ್ಣಿನ ಒಳಒಡ್ಡಿನಲ್ಲಿ ಏಡಿ ಕೊರೆದ ಬಿಲಗಳಿಂದ ಅದು ಗದ್ದೆಗೆ ಜಿನುಗುತ್ತದೆ. ಸಾಮಾನ್ಯ ಭತ್ತದ ಇಳುವರಿ ಮಣ್ಣಿನ ಲವಣಾಂಶ ಮೀಟರಿಗೆ 3 ಡೆಸಿಸೀಮನ್ಸ್ (ಉಪ್ಪು ಅಳೆಯುವ ಮಾನ) ದಾಟಿದರೆ ಕುಸಿಯುತ್ತದೆ. ಕೊರ್ಗುಟ್ ಹೆಚ್ಚು ತಡೆದೀತು, ಬೇಸಿಗೆಯ ಉಪ್ಪು ಹೊಳೆನೀರನ್ನಲ್ಲ.

ಇನ್ನೊಂದು, ಆಳ ಅಗೆಯುವುದೇ ತಪ್ಪು. ಕಾಂಡ್ಲಾ (ಮ್ಯಾಂಗ್ರೋವ್) ಕೊಳೆತ ಕಪ್ಪುಮಣ್ಣಿನ ಗಂಧಕ ಗಾಳಿಗೆ ಬಿದ್ದರೆ ಆಮ್ಲವಾಗುತ್ತದೆ. ಆಮೇಲೆ ಪಿಎಚ್ ಇಳಿಯುತ್ತದೆ, ಸರಿಪಡಿಸಲು ಬಹಳ ಸುಣ್ಣ ಸುರಿಯಬೇಕು.

ಸಿಗಡಿ ಲೆಕ್ಕ:
ಒಂದು ಟನ್ ವನ್ನಾಮಿಗೆ ಸುಮಾರು ಒಂದೂವರೆ ಟನ್ ಮೇವು. ಅದರ ಸಾರಜನಕದ ಹೆಚ್ಚಿನ ಪಾಲು ಸಿಗಡಿಯ ಮೈ ಸೇರದೆ ನೀರಿಗೆ, ಕೆಸರಿಗೆ ಹೋಗುತ್ತದೆ. ಅದನ್ನು ಮಾನಸ್ ಮುಂದೆ ಬಿಟ್ಟರೆ ಮುಂದಿನ ಉಬ್ಬರಕ್ಕೆ ವಾಪಸ್ ಬರುತ್ತದೆ! ಹಾಗಾಗಿ ಕೆಸರು ತಂಗುವ ಪ್ರತ್ಯೇಕ ಹೊಂಡ ಬೇಕು. ಬಿಳಿಚುಕ್ಕೆ ರೋಗ ಬಂದರೆ ನೀರು ಬಿಡುವಂತೆಯೇ ಇಲ್ಲ. ಬ್ಲೀಚಿಂಗ್ ಪುಡಿ ಹಾಕಿ ಹಿಡಿದಿಡಬೇಕು. ಆ ವೈರಸ್ ಸ್ಥಳೀಯ ಸಿಗಡಿ, ಏಡಿಗೂ ಅಂಟುತ್ತದೆ. ವನ್ನಾಮಿ ಪೆಸಿಫಿಕ್ ಕಡೆಯದು, ಅದನ್ನು ತೆರೆದ ತೂಬಿನ ಪೊಯೆಂಗೆ ಬಿಡುವುದಂತೂ ಹುಚ್ಚುತನ.

ಕಾನೂನೂ ನೋಡಿ. ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕ, ಸುಧಾರಿತ ಸಾಂಪ್ರದಾಯಿಕ ಪದ್ಧತಿ ಬಿಟ್ಟು ಬೇರೆ ಸಿಗಡಿ ಹೊಂಡ ಕೂಡದೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತ್ತು. 2005ರ ಕಾಯ್ದೆ ಬಂದ ಮೇಲೆ ಕರಾವಳಿ ಜಲಕೃಷಿ ಪ್ರಾಧಿಕಾರದ ನೋಂದಣಿ ಬೇಕೇ ಬೇಕು.

ಇಳಿತ:
ಹಳೆಯದೆಲ್ಲ ಪವಿತ್ರ ಅಂದುಕೊಳ್ಳಬೇಡಿ. ಮಾನಸ್‌ನಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ಪಡೆದವರು ಹೆಚ್ಚು ಮೀನಿನಾಸೆಗೆ ಬಾಗಿಲನ್ನು ಹಲಗೆ ಕೊಟ್ಟು ತೆರೆದಿಟ್ಟದ್ದರಿಂದಲೂ ಗದ್ದೆಗಳು ಉಪ್ಪಾಗಿವೆ. ಸಣ್ಣ ಕಣ್ಣಿನ ಬಲೆಗೆ ಕಲುಂದರ್ ಮೀನಿನ ಮರಿಯೂ ಉಳಿಯುವುದಿಲ್ಲ.

ಪಣಜಿ ಕನ್ನಡಿಗ:
ಸರಿ, ಒಪ್ಪಂದದಲ್ಲಿ ಬಾಗಿಲಿನ ಬಗ್ಗೆ ಏನು ಬರೆಸಬೇಕು?

ಒಡ್ಡುಗಾರ:
ತೆರೆಯುವ-ಮುಚ್ಚುವ ಅಧಿಕಾರ ಗದ್ದೆಯವರ ಸಂಘಕ್ಕೆ, ಹರಾಜುದಾರನಿಗಲ್ಲ. ಒಳಗಿನ ನೀರಿನ ಗರಿಷ್ಠ ಮಟ್ಟಕ್ಕೆ ತೂಬಿನ ಕಲ್ಲಿನ ಮೇಲೆ ಗೆರೆ ಕೊರೆಸಿ. ಬಲೆಯ ಕಣ್ಣಿನ ಅಳತೆ ಬರೆಸಿ. ಮೇ ತಿಂಗಳೊಳಗೆ ಏಡಿ ಬಿಲ ಮುಚ್ಚಿಸುವ ಖರ್ಚು ಯಾರದು ಅನ್ನುವುದನ್ನೂ.