ಕ್ಯಾತ್ಸಂದ್ರದ ಹತ್ತಿರ ತಟ್ಟೆ ಇಡ್ಲಿ ಹೋಟೆಲ್: ರಿಜಿಸ್ಟ್ರೇಷನ್ ಸಾಕಾ, ಲೈಸೆನ್ಸೇ ಬೇಕಾ? ಅನುಭವ ಇದ್ದವರು ಹೇಳಿ

ಹೊಸ ಒಲೆ:
ಯುಗಾದಿ ಹೊತ್ತಿಗೆ ಹೋಟೆಲ್ ತೆಗೆಯಬೇಕು ಅಂತಿದ್ದೇನೆ. ಆರು ಟೇಬಲ್. ನಾನು, ಹೆಂಡತಿ, ಇಬ್ಬರು ಹುಡುಗರು. ಎಫ್‌ಎಸ್‌ಎಸ್‌ಎಐ, ಅದೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ್ದು, 100 ರೂಪಾಯಿಯ ರಿಜಿಸ್ಟ್ರೇಷನ್ ನಡೆಯುತ್ತಾ, ಇಲ್ಲ 2,000ದ ಲೈಸೆನ್ಸಾ? ಏಜೆಂಟ್ 9,000 ಕೇಳುತ್ತಿದ್ದಾನೆ. ಕೊಡಲಾ?

ಮೆಸ್ಸಿನಕ್ಕ:
100 ರೂಪಾಯಿ ಕಥೆ ನನ್ನ ಹತ್ತಿರ ಕೇಳಿ. 2022ರಲ್ಲಿ ಹುಡುಗರ ಮೆಸ್ ತೆಗೆದಾಗ ಅಷ್ಟೇ ಕಟ್ಟಿ ಜಾಣೆ ಅಂದುಕೊಂಡಿದ್ದೆ. ಆಗ ರಿಜಿಸ್ಟ್ರೇಷನ್‌ಗೆ ಇದ್ದ ಮಿತಿ ವರ್ಷಕ್ಕೆ 12 ಲಕ್ಷ, ಅದು ಲಾಭದ ಲೆಕ್ಕ ಅಂತ ತಿಳಿದಿದ್ದೆ. ಅದು ವಹಿವಾಟು! ದಿನಕ್ಕೆ 3,300 ಗಲ್ಲಾಕ್ಕೆ ಬಿದ್ದರೆ ವರ್ಷಕ್ಕೆ 12 ಲಕ್ಷ ದಾಟಿತು. ನನ್ನಲ್ಲಿ ಮಧ್ಯಾಹ್ನದ ಊಟಕ್ಕೇ ಅಷ್ಟಾಗುತ್ತಿತ್ತು. ತಪಾಸಣೆಗೆ ಬಂದವರು ಅನ್ನದ ಹಂಡೆ ನೋಡಿಯೇ ನಕ್ಕರು.

ಲೈಸೆನ್ಸಿನ 2,000 ಹೊಡೆತವೇ ಅಲ್ಲ. ಹೊಡೆತ ನೀರಿನ ಪರೀಕ್ಷೆಯದು. ಲ್ಯಾಬಿಗೆ 1,800 ಕೊಟ್ಟೆ, ಕೋಲಿಫಾರ್ಮ್ ಬಂತು, ಅಂದರೆ ನೀರಿಗೆ ಕೊಳಕು ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ. ಸಂಪಿನ ಪಕ್ಕದಲ್ಲೇ ಬಚ್ಚಲಿನ ಪೈಪು. ಅಗೆಸಿ, ಗಾರೆ ಮಾಡಿಸಿ, ಪೈಪು ಸರಿಸಿದ್ದಕ್ಕೆ 34,500. ಮತ್ತೆ 1,800, ಮತ್ತೆ ಫೇಲು! ಮೇಲಿನ ಟ್ಯಾಂಕ್ ತೊಳೆಸಿರಲಿಲ್ಲ. ಮೂರನೇ ಸಲಕ್ಕೆ ಪಾಸು. ಹನ್ನೊಂದು ದಿನ ಬಾಗಿಲು ಹಾಕಿದ್ದೆ. 60 ಹುಡುಗರಲ್ಲಿ 22 ಜನ ಎದುರಿನ ಮೆಸ್‌ಗೆ ಹೋದರು. ಇವತ್ತಿಗೂ ಅಲ್ಲೇ ಉಣ್ಣುತ್ತಾರೆ, ನನ್ನ ಬಾಗಿಲ ಮುಂದೆಯೇ ಹಲ್ಲು ಕಡ್ಡಿ ಹಾಕಿಕೊಂಡು ಹೋಗುತ್ತಾರೆ.

ಹುಬ್ಬಳ್ಳಿ ಗಿರ್ಮಿಟ್:
ಏಜೆಂಟ್‌ಗೆ ಒಂದು ರೂಪಾಯಿ ಕೊಡಬೇಡಿ. ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಪೋರ್ಟಲ್‌ನಲ್ಲಿ ರಾತ್ರಿ ಕೂತು ಲೈಸೆನ್ಸ್ ಅರ್ಜಿ ನಾನೇ ತುಂಬಿದೆ. ಅಡುಗೆಮನೆ ನಕ್ಷೆ ಮಗಳು ಗ್ರಾಫ್ ಹಾಳೆಯಲ್ಲಿ ಬರೆದಳು. ಮೊದಲ ಸಲ ವಾಪಸ್ ಬಂತು, ಕೈ ತೊಳೆಯುವ ಬೇಸಿನ್ ಎಲ್ಲಿ ಅಂತ ತೋರಿಸಿರಲಿಲ್ಲ. ಎರಡನೇ ಸಲ ಬಾಡಿಗೆ ಕರಾರು ಮಸುಕಾಗಿದೆ ಅಂದರು. ಮೂರನೇ ಸಲಕ್ಕೆ ಆಯಿತು. ಒಟ್ಟು ಖರ್ಚು ಶುಲ್ಕ ಬಿಟ್ಟು 40 ರೂಪಾಯಿ, ಅದೂ ಸ್ಕ್ಯಾನ್‌ಗೆ. ಏಜೆಂಟ್ ಹಿಡಿಯುವವರು ಸೋಮಾರಿಗಳು, ಅಷ್ಟೇ.

ಕೆಂಪು ಗೋಬಿ:
ಸೋಮಾರಿ ಅಂತೆ. ಮಧ್ಯಾಹ್ನ ಎಲೆಕೋಸು ಹೆಚ್ಚಲು ಕೂತರೆ ರಾತ್ರಿ ಹನ್ನೊಂದಕ್ಕೆ ಬಾಣಲೆ ಇಳಿಸುವವನು ನಾನು. 8,500 ಕೊಟ್ಟೆ, ಹನ್ನೆರಡು ದಿನಕ್ಕೆ ಫ್ರೇಮ್ ಹಾಕಿದ ಲೈಸೆನ್ಸ್ ಕೈಗೆ ಬಂತು. ಅಂದಹಾಗೆ ಗಿರ್ಮಿಟ್ ಅವರೇ, ರಿನ್ಯೂಯಲ್ ಮರೆತು ದಿನಕ್ಕೆ 100ರಂತೆ 1,900 ದಂಡ ಕಟ್ಟಿದೆ ಅಂತ ಹಿಂದೊಮ್ಮೆ ಅತ್ತವರು ನೀವೇ ಅಲ್ವಾ? ಆ 40 ರೂಪಾಯಿ ಲೆಕ್ಕಕ್ಕೆ ಅದನ್ನೂ ಸೇರಿಸಿ.

ನನ್ನ ನಷ್ಟ ಬೇರೆ. 2024ರ ಮಾರ್ಚ್‌ನಲ್ಲಿ ಗೋಬಿಗೆ ಹಾಕುವ ಕೃತಕ ಬಣ್ಣವನ್ನು ಸರ್ಕಾರದವರು ಬಂದ್ ಮಾಡಿದರಲ್ಲ, ಆ ವಾರ ವ್ಯಾಪಾರ ಅರ್ಧಕ್ಕಿಳಿಯಿತು. ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕಿದೆ. ಇಟ್ಟಿಗೆ ಬಣ್ಣ ಬಂತು. ಒಬ್ಬ ತಟ್ಟೆ ಹಿಡಿದು ಲೈಟಿನ ಕೆಳಗೆ ತಿರುಗಿಸಿ ನೋಡಿ, "ನಿನ್ನೇದಾ?" ಅಂದ. ಈಗಷ್ಟೇ ಕರಿದದ್ದು!

ಮೆಸ್ಸಿನಕ್ಕ:
ಬಂದ್ ಆದ ಆ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ ಸ್ವಾಮಿ. ಮನೆ ಮಕ್ಕಳಿಗೂ ಅದೇ ಬಡಿಸುತ್ತಿದ್ದಿರಾ? ವ್ಯಾಪಾರ ಇಳೀತು ಅಂತ ಅಳೋಕೆ ನಾಚಿಕೆ ಬೇಡವಾ?

ಕೆಂಪು ಗೋಬಿ:
ಪೊಟ್ಟಣದ ಮೇಲೆ ಫುಡ್ ಕಲರ್ ಅಂತಲೇ ಇತ್ತು. ಸರ್ಕಾರ ತೆಗೆದ 171 ಗೋಬಿ ಸ್ಯಾಂಪಲ್‌ನಲ್ಲಿ 107 ಸೋತಿದ್ದವು, ನಾನೊಬ್ಬನೇ ಪಾಪಿ ಅಲ್ಲ. ನಿಮ್ಮ ಸಂಪಿನ ನೀರನ್ನು 60 ಹುಡುಗರು ಎಷ್ಟು ತಿಂಗಳು ಕುಡಿದರು ಅಕ್ಕ? ಅದನ್ನು ಬರೆಯಿರಿ.

ಬಟ್ಟೆ ಇಡ್ಲಿ:
ಜಗಳ ಸಾಕು. ಇಡ್ಲಿ ಅಂದಿದ್ದಕ್ಕೆ ಬಂದೆ. 2025ರಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬೇಡ ಅಂದರಲ್ಲ, ನಾನು ಮೊದಲಿಂದಲೂ ಬಟ್ಟೆಯವನು. 48 ತುಂಡು ಮಲ್ ಬಟ್ಟೆ. ದಿನಾ ರಾತ್ರಿ ಕುದಿಸಿ, ಹಿಂಡಿ, ಮಹಡಿ ಮೇಲೆ ಒಣಹಾಕಬೇಕು. ಮಳೆಗಾಲದಲ್ಲಿ ಒಣಗುವುದಿಲ್ಲ, ವಾಸನೆ ಹಿಡಿಯುತ್ತದೆ. ಅದಕ್ಕೇ ಇನ್ನೊಂದು 48. ಕುದಿಸುವುದಕ್ಕೇ ತಿಂಗಳಿಗೆ ಅರ್ಧ ಸಿಲಿಂಡರ್ ಜಾಸ್ತಿ. ಆಮೇಲೆ ಹುಡುಗರ ಮೆಡಿಕಲ್ ಸರ್ಟಿಫಿಕೇಟ್, ಅದು ವರ್ಷವರ್ಷವೂ ಬೇಕು. ಟೈಫಾಯ್ಡ್ ಲಸಿಕೆಗೆ ಕರೆದುಕೊಂಡು ಹೋದರೆ, ಒಬ್ಬ ಸೂಜಿ ನೋಡಿ ಏಪ್ರನ್ ಸಮೇತ ಬಸ್ ಸ್ಟ್ಯಾಂಡ್ ಸೇರಿದ. ಏಪ್ರನ್ 280 ರೂಪಾಯಿದು.

ಹುಬ್ಬಳ್ಳಿ ಗಿರ್ಮಿಟ್:
ದಂಡ ಕಟ್ಟಿದ್ದು ನಿಜ. 30 ದಿನ ಮೊದಲೇ ಅರ್ಜಿ ಹಾಕಬೇಕಿತ್ತು, ಮಗಳ ಮದುವೆ ಗಲಾಟೆ. ಅದನ್ನು ಇಲ್ಲಿ ಎತ್ತಿ ಆಡುವುದು ದೊಡ್ಡಸ್ತಿಕೆ ಅಲ್ಲ. ಇನ್ನು ಬಟ್ಟೆ ಯಾಕೆ? ತಟ್ಟೆಗೆ ನಾಲ್ಕು ಹನಿ ಎಣ್ಣೆ ಸವರಿದರೆ ಮುಗಿಯಿತು.

ಹೊಸ ಒಲೆ:
ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ 100ರದಾ, 2,000ದ್ದಾ?

ಬಟ್ಟೆ ಇಡ್ಲಿ:
ಎಣ್ಣೆ ಸವರಿದ ತಟ್ಟೆಯಲ್ಲಿ ಬೆಂದದ್ದಕ್ಕೆ ಅಡಿಯಲ್ಲಿ ಹೊಳಪು ಬರುತ್ತದೆ, ಚಟ್ನಿ ಹಿಡಿಯುವುದಿಲ್ಲ. ಹುಬ್ಬಳ್ಳಿಯಲ್ಲಿ ಕೂತು ತಟ್ಟೆ ಇಡ್ಲಿ ಬಗ್ಗೆ ಮಾತಾಡಬೇಡಿ.

ಹುಬ್ಬಳ್ಳಿ ಗಿರ್ಮಿಟ್:
ನೀವು ಮೊದಲು ಓಡಿಹೋದ ಹುಡುಗನಿಂದ ಏಪ್ರನ್ ತರಿಸಿಕೊಳ್ಳಿ.