ಬಲತಿರುವು ಮುಚ್ಚಿ ಯು-ಟರ್ನ್ ಕೊಟ್ಟರೆ ಜಂಕ್ಷನ್ ಸಲೀಸಾಗುತ್ತಾ?

ಪ್ರಶ್ನೆ: ನಾಲ್ಕು ರಸ್ತೆ ಕೂಡುವ ಜಂಕ್ಷನ್, ನಾಲ್ಕು ಹಂತದ ಸಿಗ್ನಲ್ (ಒಂದೊಂದು ರಸ್ತೆಗೂ ಸರದಿಯಂತೆ ಹಸಿರು), ಒಂದು ಸುತ್ತಿಗೆ 120 ಸೆಕೆಂಡ್. ಫ್ಲೈಓವರ್ ಇಲ್ಲದೆ ಸುಧಾರಿಸಬಹುದೇ?

ಉತ್ತರ 1: ಬಹುದು. ಬಲತಿರುವು ಮುಚ್ಚಿ, ಬಲಕ್ಕೆ ಹೋಗುವವರನ್ನು ಜಂಕ್ಷನ್ ದಾಟಿಸಿ ಮುಂದೆ ಯು-ಟರ್ನ್ ಮಾಡಿಸಿದರೆ ನಾಲ್ಕು ಹಂತ ಎರಡಕ್ಕಿಳಿಯುತ್ತೆ. ಹಂತ ಬದಲಾದಾಗಲೆಲ್ಲ ಹಳದಿ ದೀಪ, ಗಾಡಿ ಹೊರಡುವ ತಡ ಎಲ್ಲ ಸೇರಿ 4–5 ಸೆಕೆಂಡ್ ದಂಡ. ನಾಲ್ಕು ಹಂತಕ್ಕೆ 16–20, ಎರಡಕ್ಕಿಳಿಸಿದರೆ ಅರ್ಧ. ಅದಕ್ಕಿಂತ ದೊಡ್ಡ ಲಾಭ, ಎದುರುಬದುರಿನ ನೇರ ಸಂಚಾರಕ್ಕೆ ಒಟ್ಟಿಗೇ ಹಸಿರು ಸಿಗುತ್ತೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1960ರ ದಶಕದಿಂದ ಇದೇ ಪದ್ಧತಿ. ಅಲ್ಲಿ ಬಲಬದಿ ಸಂಚಾರ, ಹಾಗಾಗಿ ಮುಚ್ಚುವುದು ಎಡತಿರುವು.

ಉತ್ತರ 2: ಯು-ಟರ್ನ್ ಎಲ್ಲಿಡ್ತೀರಿ ಅನ್ನೋದೇ ಕುತ್ತು. 50 ಮೀಟರಿಗೇ ಇಟ್ಟರೆ ತಿರುಗಲು ನಿಂತ ಸಾಲು ಹಿಂದೆ ಬೆಳೆದು ಜಂಕ್ಷನ್ನನ್ನೇ ಕಟ್ಟಿಹಾಕುತ್ತೆ. ಅಮೆರಿಕದಲ್ಲಿ ಸುಮಾರು 200 ಮೀಟರ್ ಇಡ್ತಾರೆ. ತೀರಾ ದೂರವಾದರೆ ಬೈಕಿನವರು ರಾಂಗ್‌ಸೈಡಲ್ಲಿ ಬರ್ತಾರೆ, ಗ್ಯಾರಂಟಿ. ಬಸ್ಸು ತಿರುಗಲು ಹೆಚ್ಚುಕಡಿಮೆ 24 ಮೀಟರ್ ಅಗಲ ಬೇಕು. ಮೀಡಿಯನ್ (ರಸ್ತೆ ನಡುವಿನ ವಿಭಜಕ) ಕಿರಿದಾಗಿದ್ದರೆ ಎದುರು ಬದಿಯ ರಸ್ತೆಯಂಚನ್ನು ಆ ಜಾಗದಲ್ಲಿ ಮಾತ್ರ ಹೊರಗೆ ಉಬ್ಬಿಸಿ.

ಉತ್ತರ 3: ನಡೆಯುವವರನ್ನು ಮರೆಯಬೇಡಿ. 14 ಮೀಟರ್ ದಾಟಲು ಸೆಕೆಂಡಿಗೆ 1.2 ಮೀಟರ್ ಲೆಕ್ಕದಲ್ಲಿ 12 ಸೆಕೆಂಡ್. ಅಜ್ಜ-ಅಜ್ಜಿಯರಿಗೆ ಇನ್ನೂ ಹೆಚ್ಚು. ಮೀಡಿಯನ್ನಿನಲ್ಲಿ ನಿಲ್ಲಲು 2 ಮೀಟರ್ ಜಾಗ ಬಿಡಿ. 'ಫ್ರೀ ಲೆಫ್ಟ್' (ಸಿಗ್ನಲ್ಲಿಗೆ ಕಾಯದೆ ಎಡಕ್ಕೆ ತಿರುಗುವುದು) ಇದ್ದರೆ ದಾಟುವವರಿಗೆ ಹಸಿರಿದ್ದೂ ದಾರಿ ಸಿಗಲ್ಲ, ಅದನ್ನೂ ಸಿಗ್ನಲ್ಲಿಗೆ ಸೇರಿಸಿ.